ಫೆಟಾ: ಒಂದು ಹೆಸರಿಗಾಗಿ ನಡೆದ ವ್ಯಾಜ್ಯ

1994ರ ಏಪ್ರಿಲ್ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟದ ಹನ್ನೆರಡು ದೇಶಗಳ 12,800 ಜನರನ್ನು ಒಂದು ಚೀಸಿನ ಬಗ್ಗೆ ಪ್ರಶ್ನಿಸಲಾಯಿತು. ಫೆಟಾ ಎಂಬ ಹೆಸರು ಕೇಳಿದ್ದೀರಾ? ಕೇಳಿದ್ದರೆ, ಅದು ಒಂದು ನಾಡಿನ ಚೀಸಿನ ಹೆಸರೋ, ಯಾರು ಎಲ್ಲಿ ಬೇಕಾದರೂ ಮಾಡಬಹುದಾದ ಒಂದು ಬಗೆಯ ಚೀಸಿನ ಹೆಸರೋ? ಐವರಲ್ಲಿ ಒಬ್ಬರಿಗೆ ಮಾತ್ರ ಆ ಹೆಸರಿನ ಪರಿಚಯವಿತ್ತು. ಹೆಚ್ಚುಕಡಿಮೆ ಎಲ್ಲರಿಗೂ ಅದು ಗೊತ್ತಿದ್ದದ್ದು ಎರಡೇ ದೇಶಗಳಲ್ಲಿ, ಗ್ರೀಸ್ ಮತ್ತು ಡೆನ್ಮಾರ್ಕ್. ಹೆಸರು ಬಲ್ಲವರಲ್ಲಿ ಬಹುಪಾಲು ಜನರಿಗೆ ಫೆಟಾ ಎಂದೊಡನೆ ಗ್ರೀಸ್ ನೆನಪಾಗುತ್ತಿತ್ತು. ಆದರೆ ಇದು ಎಲ್ಲರ ಸ್ವತ್ತಾದ ಹೆಸರೇ ಎಂದು ನೇರವಾಗಿ ಕೇಳಿದಾಗ ಉತ್ತರ ಎರಡು ಹೋಳಾಯಿತು.

ಈ ಸಮೀಕ್ಷೆ ಮಾಡಿಸಿದ್ದು ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್. ಅದೇ ವರ್ಷ ಜನವರಿ 21ರಂದು ಗ್ರೀಸ್ ಸರ್ಕಾರ ಕಮಿಷನ್‌ಗೆ ಒಂದು ಕೋರಿಕೆ ಸಲ್ಲಿಸಿತ್ತು: ಫೆಟಾ ನಮ್ಮದು, ಆ ಹೆಸರನ್ನು ನಮ್ಮ ಹೆಸರಿಗೆ ನೋಂದಾಯಿಸಿ. ಅಲ್ಲಿಂದ ಶುರುವಾದ ವ್ಯಾಜ್ಯ ಮುಗಿಯಲು ಹನ್ನೊಂದು ವರ್ಷ ಹಿಡಿಯಿತು. ಅದರ ಬಾಲ 2022ರವರೆಗೂ ಎಳೆಯಿತು. ಆಹಾರದ ಹೆಸರು ಯಾವಾಗ ಊರಿನ ಸ್ವತ್ತು, ಯಾವಾಗ ಲೋಕದ ಸ್ವತ್ತು ಎಂಬ ಪ್ರಶ್ನೆಯನ್ನು ಇಷ್ಟು ಕೂಲಂಕಷವಾಗಿ ಬಿಡಿಸಿ ನೋಡಿದ ಮೊಕದ್ದಮೆ ಇನ್ನೊಂದು ಸಿಗುವುದು ಕಷ್ಟ.

ಗ್ರೀಸ್‌ನ ಫೆಟಾ ಕುರಿಯ ಹಾಲಿನಿಂದ ಆಗುವುದು. ಆಡಿನ ಹಾಲನ್ನು ಶೇ 30ರವರೆಗೆ ಬೆರೆಸಬಹುದು. ಹೆಪ್ಪುಗಟ್ಟಿದ ಹಾಲನ್ನು ನೀರು ಬಸಿಯಲು ಬಿಟ್ಟು, ಉಪ್ಪು ಹಾಕಿ, ಉಪ್ಪುನೀರಿನಲ್ಲಿ ಮುಳುಗಿಸಿ ಕನಿಷ್ಠ ಎರಡು ತಿಂಗಳು ಮಾಗಲು ಇಡುತ್ತಾರೆ. ಹಸುವಿನ ಹಾಲು ಕೂಡದು, ಹಾಲಿನ ಪುಡಿ ಕೂಡದು, ಬಣ್ಣ ಕೂಡದು. ಗ್ರೀಸ್‌ನ ಬೆಟ್ಟಗಳಲ್ಲಿ ಹಸುವಿಗೆ ಮೇವು ಸಾಲದು. ಒಣ ಬೇಸಿಗೆ, ಕಲ್ಲುನೆಲ, ಕುರುಚಲು ಗಿಡ, ಅಲ್ಲಲ್ಲಿ ಸುವಾಸನೆಯ ಮೂಲಿಕೆಗಳು. ಇದನ್ನು ಮೇಯಬಲ್ಲ ಗಟ್ಟಿ ತಳಿಯ ಕುರಿ, ಆಡುಗಳೇ ಅಲ್ಲಿಯ ಹಳ್ಳಿಗಳ ಬದುಕು. ಕುರಿಯ ಹಾಲು ತಾನಾಗಿಯೇ ಅಚ್ಚಬಿಳುಪು, ಹಾಗಾಗಿ ಚೀಸೂ ಬಿಳುಪು. ಮುರಿದರೆ ಪುಡಿಯಾಗುತ್ತದೆ, ನಾಲಿಗೆಗೆ ಹುಳಿಯೂ ಉಪ್ಪೂ ಒಟ್ಟಿಗೆ ತಾಗುತ್ತವೆ.

ಇಂಥ ಚೀಸ್ ಉತ್ತರ ಯುರೋಪಿನ ಹಸಿರು ಹುಲ್ಲುಗಾವಲಿಗೆ ಹೋದದ್ದು ಹೇಗೆ ಎಂಬುದೇ ಈ ಕಥೆಯ ಮುಖ್ಯ ಭಾಗ. ಇದರಲ್ಲಿ ಕಳ್ಳತನವೇನೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಫ್ರಾನ್ಸ್‌ನಲ್ಲಿ 1931ರಿಂದಲೇ ಫೆಟಾ ಮಾಡುತ್ತಿದ್ದರು, ಅದೂ ಹೆಚ್ಚಾಗಿ ಕುರಿ ಹಾಲಿನಿಂದ. ಡೆನ್ಮಾರ್ಕ್‌ನಲ್ಲೂ 1930ರ ದಶಕದಲ್ಲೇ ಅದರ ತಯಾರಿಕೆ ಆರಂಭವಾಗಿತ್ತು. 1960ರ ದಶಕದಲ್ಲಿ ಡೆನ್ಮಾರ್ಕ್‌ನ ಹಾಲಿನ ಸಹಕಾರ ಸಂಘಗಳು ಅದನ್ನು ದೊಡ್ಡ ಉದ್ಯಮವಾಗಿಸಿದವು. ಅವರಲ್ಲಿದ್ದದ್ದು ಹಸುವಿನ ಹಾಲು, ಅದೂ ಬಳಸಿ ಮುಗಿಯದಷ್ಟು. 1970ರ ದಶಕದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಹಾಲನ್ನು ಸೋಸಿ, ನೀರಿನಂಶ ತೆಗೆದು ಗಟ್ಟಿ ಮಾಡುವ ಯಂತ್ರತಂತ್ರ ಬಂತು. ಹೆಪ್ಪು ಒಡೆದು ನೀರು ಬಸಿಯುವ ಕೆಲಸ ತಪ್ಪಿತು, ಅದೇ ಹಾಲಿಗೆ ಹೆಚ್ಚು ಚೀಸ್ ಸಿಕ್ಕಿತು. ಹೀಗೆ ತಯಾರಾದದ್ದು ನುಣುಪಾದ, ತೂತಿಲ್ಲದ, ಚಾಕುವಿಗೆ ಬೆಣ್ಣೆಯಂತೆ ಸಿಗುವ ಬಿಳಿ ಚೀಸ್. ಇರಾನ್ ಮತ್ತು ಮಧ್ಯಪ್ರಾಚ್ಯದ ಮಾರುಕಟ್ಟೆಗಳು ಅದನ್ನು ಡಬ್ಬಿಗಟ್ಟಲೆ ಕೊಂಡವು. ರಫ್ತು ಮಾಡಿದವರಿಗೆ ಯುರೋಪಿನ ಖಜಾನೆಯಿಂದ ಸಹಾಯಧನವೂ ಬರುತ್ತಿತ್ತು. ಆ ಲೆಕ್ಕದ ಕಾಗದಗಳಲ್ಲಿ ಸ್ವತಃ ಯುರೋಪಿನ ಅಧಿಕಾರಿಗಳೇ ಈ ಸರಕನ್ನು ಫೆಟಾ ಎಂದು ಬರೆದುಕೊಂಡಿದ್ದರು. ಡೆನ್ಮಾರ್ಕ್ 1973ರಲ್ಲೇ ಯುರೋಪಿಯನ್ ಸಮುದಾಯ ಸೇರಿತ್ತು, ಗ್ರೀಸ್ ಸೇರಿದ್ದು 1981ರ ಜನವರಿ 1ರಂದು. ಗ್ರೀಸ್ ಒಳಗೆ ಕಾಲಿಡುವ ಹೊತ್ತಿಗೆ ಅದರ ಚೀಸಿನ ಹೆಸರು ಆ ಮನೆಯಲ್ಲಿ ಬೇರೊಬ್ಬರ ವ್ಯಾಪಾರವಾಗಿ ನೆಲೆಯೂರಿತ್ತು.

ಜರ್ಮನಿಯದು ಇನ್ನೊಂದು ದಾರಿ. 1960ರಲ್ಲಿ ಗ್ರೀಸ್ ಜೊತೆ, 1961ರಲ್ಲಿ ಟರ್ಕಿ ಜೊತೆ ಪಶ್ಚಿಮ ಜರ್ಮನಿ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆಗೆ ದುಡಿಯಲು ಬಂದವರ ಜೊತೆಗೆ ಅವರ ನಾಲಿಗೆಯೂ ಬಂತು. 1972ರಿಂದ ಜರ್ಮನ್ ಡೈರಿಗಳೂ ಫೆಟಾ ಮಾಡಲು ಶುರುಮಾಡಿದವು. ವಲಸೆ ಬಂದವರು ತಮ್ಮ ತಿನಿಸಿನ ಹೆಸರನ್ನು ಊರಲ್ಲೇ ಬಿಟ್ಟು ಬರಬೇಕೆಂದು ಯಾರೂ ಹೇಳಲಾರರು. ಈ ಮಾತಿಗೆ ಮುಂದೆ ಅಮೆರಿಕದ ಸಂದರ್ಭದಲ್ಲಿ ಮತ್ತೆ ಬರುತ್ತೇನೆ.

ಗ್ರೀಸ್‌ನ ಪಕ್ಷದಲ್ಲೂ ಒಂದು ದುರ್ಬಲ ಜಾಗವಿತ್ತು. 1988ರವರೆಗೆ ಹೊರದೇಶದ ಹಸುಹಾಲಿನ ಚೀಸ್ ಗ್ರೀಸ್‌ನ ಅಂಗಡಿಗಳಲ್ಲೇ ಫೆಟಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಮನೆಯೊಡೆಯನೇ ಬಾಗಿಲು ತೆರೆದಿಟ್ಟಿದ್ದ. ಯಾವ ಪ್ರದೇಶದ, ಯಾವ ಹಾಲಿನ ಚೀಸು ಫೆಟಾ ಎನಿಸಿಕೊಳ್ಳುತ್ತದೆ ಎಂದು ಗ್ರೀಸ್ ಕಟ್ಟುನಿಟ್ಟಾಗಿ ಬರೆದಿಟ್ಟದ್ದು 1994ರ ಜನವರಿ 11ರ ಆದೇಶದಲ್ಲಿ. ಬ್ರಸೆಲ್ಸ್‌ಗೆ ಕೋರಿಕೆ ಹೋದದ್ದು ಅದರ ಹತ್ತು ದಿನಗಳ ಬಳಿಕ.

ಕೋರಿಕೆಗೆ ಆಧಾರ 1992ರ ಜುಲೈ 14ರಂದು ಯುರೋಪ್ ಮಾಡಿದ ಹೊಸ ನಿಯಮ. ಊರಿನ ಹೆಸರಿನ ಆಹಾರಕ್ಕೆ ರಕ್ಷಣೆ ಕೊಡುವ ನಿಯಮ ಅದು. ಅದರ ಮೂರನೇ ವಿಧಿ ಒಂದು ಗಡಿ ಹಾಕಿತ್ತು: ಎಲ್ಲರ ಬಾಯಲ್ಲಿ ಬಳಕೆಯಾಗಿ ಸಾಮಾನ್ಯ ಹೆಸರಾಗಿಬಿಟ್ಟದ್ದನ್ನು ನೋಂದಾಯಿಸುವಂತಿಲ್ಲ. ಹಾಗೆ ಸಾಮಾನ್ಯವಾದ ಹೆಸರುಗಳ ಪಟ್ಟಿಯೊಂದನ್ನು ಪ್ರಕಟಿಸಬೇಕೆಂದೂ ನಿಯಮ ಹೇಳಿತ್ತು. 1996ರ ಮಾರ್ಚ್‌ನಲ್ಲಿ ಕಮಿಷನ್ ಆರು ಹೆಸರುಗಳ ಕರಡು ಮುಂದಿಟ್ಟಿತು: ಬ್ರೀ, ಕ್ಯಾಮೆಂಬೇರ್, ಚೆಡ್ಡಾರ್, ಎಡಾಮ್, ಎಮೆಂಟಾಲರ್, ಗೌಡಾ. ಈ ಆರೂ ಒಂದು ಕಾಲಕ್ಕೆ ಊರಿನ, ಪ್ರಾಂತ್ಯದ ಅಥವಾ ಕಣಿವೆಯ ಹೆಸರುಗಳು. ಚೆಡ್ಡಾರ್ ಇಂಗ್ಲೆಂಡಿನ ಒಂದು ಹಳ್ಳಿ, ಗೌಡಾ ಮತ್ತು ಎಡಾಮ್ ಹಾಲೆಂಡಿನ ಪಟ್ಟಣಗಳು. ಲೋಕವೆಲ್ಲ ಅವನ್ನು ಮಾಡತೊಡಗಿ ಎಷ್ಟೋ ತಲೆಮಾರು ಕಳೆದಿತ್ತು. ಆದರೂ ಸದಸ್ಯ ದೇಶಗಳ ನಡುವೆ ಒಮ್ಮತ ಮೂಡಲಿಲ್ಲ, ಪಟ್ಟಿ ಅಂಗೀಕಾರವಾಗಲಿಲ್ಲ. ಯಾವುದು ಸಾಮಾನ್ಯ ಹೆಸರು ಎಂದು ಮುಂಚಿತವಾಗಿ ಹೇಳಿಬಿಟ್ಟಿದ್ದರೆ ಮುಂದಿನ ಎಷ್ಟೋ ಜಗಳ ತಪ್ಪುತ್ತಿದ್ದವು. ಆ ಅವಕಾಶವನ್ನು ಯುರೋಪ್ ಅವತ್ತು ಕಳೆದುಕೊಂಡಿತು ಎಂದೇ ನನ್ನ ಅಭಿಪ್ರಾಯ.

ಫೆಟಾ ವಿಷಯವನ್ನು ಕಮಿಷನ್ ತನ್ನ ವೈಜ್ಞಾನಿಕ ಸಮಿತಿಗೆ ಒಪ್ಪಿಸಿತ್ತು. 1994ರ ನವೆಂಬರ್ 15ರಂದು ಸಮಿತಿ ಎರಡು ಅಭಿಪ್ರಾಯ ಕೊಟ್ಟಿತು. ನೋಂದಣಿಗೆ ಬೇಕಾದ ಷರತ್ತುಗಳನ್ನು ಫೆಟಾ ಪೂರೈಸುತ್ತದೆ ಎಂಬುದಕ್ಕೆ ನಾಲ್ವರು ಪರ, ಮೂವರು ವಿರೋಧ. ಫೆಟಾ ಸಾಮಾನ್ಯ ಹೆಸರಲ್ಲ ಎಂಬುದಕ್ಕೆ ಎಲ್ಲರ ಸಮ್ಮತಿ. 1996ರ ಜೂನ್ 12ರಂದು ಮುನ್ನೂರಕ್ಕೂ ಹೆಚ್ಚು ಹೆಸರುಗಳ ಜೊತೆಗೆ ಫೆಟಾ ಕೂಡ ನೋಂದಾಯಿತವಾಯಿತು. ಡೆನ್ಮಾರ್ಕ್, ಜರ್ಮನಿ, ಫ್ರಾನ್ಸ್ ಮೂರೂ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯದ ಮೆಟ್ಟಿಲೇರಿದವು.

1999ರ ಮಾರ್ಚ್ 16ರಂದು ಗ್ರೀಸ್ ಸೋತಿತು. ಫೆಟಾ ಎಲ್ಲರ ಹೆಸರು ಎಂದು ನ್ಯಾಯಾಲಯ ಹೇಳಲಿಲ್ಲ. ಅದು ಹಿಡಿದ ತಪ್ಪು ಬೇರೆ: ಗ್ರೀಸ್‌ನ ಆಚೆ ಹಲವು ದೇಶಗಳಲ್ಲಿ ಬಹುಕಾಲದಿಂದ ಕಾನೂನುಬದ್ಧವಾಗಿ ಇದೇ ಹೆಸರಿನಲ್ಲಿ ಚೀಸ್ ಮಾಡಿ ಮಾರುತ್ತಿದ್ದಾರೆ, ಆ ವಾಸ್ತವವನ್ನು ಕಮಿಷನ್ ಸರಿಯಾಗಿ ತೂಗಿ ನೋಡಿಲ್ಲ. ನೋಂದಣಿ ರದ್ದಾಯಿತು. ಆ ತೀರ್ಪು ಗ್ರೀಸ್‌ನಲ್ಲಿ ನೋವುಂಟುಮಾಡಿದ್ದು ಸಹಜ, ಆದರೆ ನ್ಯಾಯದ ದೃಷ್ಟಿಯಿಂದ ಅದು ಸರಿಯಾಗಿತ್ತು. ಡೆನ್ಮಾರ್ಕ್‌ನ ಹಾಲು ಉತ್ಪಾದಕ ಮೂವತ್ತು ವರ್ಷ ಬೆವರು ಸುರಿಸಿ ಕಟ್ಟಿಕೊಂಡ ವ್ಯಾಪಾರವನ್ನು ಕಿತ್ತುಕೊಳ್ಳುವ ಮೊದಲು ಅವನ ಮಾತನ್ನೂ ಕೇಳಬೇಕಲ್ಲವೇ?

ಈ ಸಲ ಕಮಿಷನ್ ಪಾಠ ಕಲಿತಿತ್ತು. 1999ರ ಅಕ್ಟೋಬರ್‌ನಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಪ್ರಶ್ನೆಗಳನ್ನು ಕಳಿಸಿ, ಎಷ್ಟು ಫೆಟಾ ಮಾಡುತ್ತೀರಿ, ಎಷ್ಟು ತಿನ್ನುತ್ತೀರಿ, ನಿಮ್ಮ ಕಾನೂನಿನಲ್ಲಿ ಏನಿದೆ, ನಿಮ್ಮ ಗ್ರಾಹಕ ಏನೆಂದುಕೊಂಡಿದ್ದಾನೆ ಎಂದು ಕೇಳಿತು. ಉತ್ತರಗಳನ್ನು ವೈಜ್ಞಾನಿಕ ಸಮಿತಿ ಮತ್ತೆ ಪರಿಶೀಲಿಸಿ, 2001ರ ಏಪ್ರಿಲ್ 24ರಂದು ಫೆಟಾ ಸಾಮಾನ್ಯ ಹೆಸರಲ್ಲ ಎಂದು ಒಮ್ಮತದಿಂದ ಹೇಳಿತು. 2002ರ ಅಕ್ಟೋಬರ್ 14ರಂದು ಎರಡನೇ ಬಾರಿ ನೋಂದಣಿಯಾಯಿತು. ಬೇರೆಯವರು ಹೆಸರು ಬದಲಿಸಿಕೊಳ್ಳಲು ಐದು ವರ್ಷದ ಗಡುವು ಸಿಕ್ಕಿತು. ಜರ್ಮನಿ ಮತ್ತು ಡೆನ್ಮಾರ್ಕ್ ಮತ್ತೆ ಲಕ್ಸೆಂಬರ್ಗ್‌ಗೆ ಹೋದವು.

ಈ ಎರಡನೇ ಸುತ್ತಿನಲ್ಲಿ ನ್ಯಾಯಾಲಯಕ್ಕೆ ಸಲಹೆ ಬರೆದ ಅಡ್ವೊಕೇಟ್ ಜನರಲ್ ರೂಯಿಸ್-ಹರಾಬೊ ಕೊಲೊಮೆರ್ ಸ್ಪೇನ್ ದೇಶದವರು. 2005ರ ಮೇ ತಿಂಗಳ ಅವರ ಅಭಿಪ್ರಾಯ ಹೋಮರನ ಒಡಿಸ್ಸಿಯವರೆಗೆ ಹಿಂದಕ್ಕೆ ಹೋಗುತ್ತದೆ: ಒಕ್ಕಣ್ಣಿನ ಪಾಲಿಫೀಮಸ್ ತನ್ನ ಗುಹೆಯಲ್ಲಿ ಕುರಿ, ಆಡುಗಳನ್ನು ಕರೆದು ಚೀಸ್ ಮಾಡುವ ಪ್ರಸಂಗ ಅಲ್ಲಿದೆ. ಆದರೆ ವ್ಯಾಜ್ಯ ತೀರ್ಮಾನವಾದದ್ದು ಪುರಾಣದ ಬಲದಿಂದ ಅಲ್ಲ. 2005ರ ಅಕ್ಟೋಬರ್ 25ರ ಅಂತಿಮ ತೀರ್ಪು ನಿಂತದ್ದು ಬಹಳ ಸಾದಾ ಸಾಕ್ಷ್ಯಗಳ ಮೇಲೆ.

ಮೊದಲನೆಯದು ತಿನ್ನುವವರ ಲೆಕ್ಕ. ತಲಾ ಬಳಕೆಯ ಪ್ರಕಾರ ಯುರೋಪಿಯನ್ ಒಕ್ಕೂಟದ ಫೆಟಾ ಸೇವನೆಯ ಶೇ 85ಕ್ಕೂ ಹೆಚ್ಚು ನಡೆಯುವುದು ಗ್ರೀಸ್‌ನಲ್ಲೇ. ಎರಡನೆಯದು, ನನಗೆ ಅತ್ಯಂತ ಮುಖ್ಯವೆನಿಸುವುದು, ಡಬ್ಬಿಯ ಮೇಲಿನ ಚೀಟಿ. ಗ್ರೀಸ್‌ನ ಹೊರಗೆ ತಯಾರಾದ ಫೆಟಾ ಕೂಡ ಸಾಮಾನ್ಯವಾಗಿ ಗ್ರೀಸ್‌ನ ಸಂಸ್ಕೃತಿ, ಪರಂಪರೆಯನ್ನು ನೆನಪಿಸುವ ಚೀಟಿ ಅಂಟಿಸಿಕೊಂಡೇ ಮಾರಾಟವಾಗುತ್ತಿತ್ತು. ಹೆಸರು ನಿಜಕ್ಕೂ ಎಲ್ಲರದಾಗಿದ್ದರೆ ಗ್ರೀಸ್‌ನ ಗುರುತಿನ ಅಗತ್ಯವೇನಿತ್ತು? ಚೆಡ್ಡಾರ್ ಮಾರುವವರು ಇಂಗ್ಲೆಂಡಿನ ಆ ಹಳ್ಳಿಯ ಚಿತ್ರ ಹಾಕಬೇಕಾಗಿ ಬರುವುದಿಲ್ಲ. ಗ್ರಾಹಕನ ಮನಸ್ಸಿನಲ್ಲಿ ಫೆಟಾಗೂ ಗ್ರೀಸ್‌ಗೂ ಇರುವ ನಂಟು ಕಡಿದಿಲ್ಲ ಎಂಬುದಕ್ಕೆ ಎದುರು ಪಕ್ಷದ ಡಬ್ಬಿಗಳೇ ಸಾಕ್ಷಿಯಾದವು. ಮೂರನೆಯದು ಡೆನ್ಮಾರ್ಕ್‌ನ ಸ್ವಂತ ಕಾನೂನು. ಅದು ಬರಿಯ ಫೆಟಾ ಎನ್ನದೆ 'ಡ್ಯಾನಿಶ್ ಫೆಟಾ' ಎಂದು ಬರೆದಿತ್ತು. ಬರಿಯ ಫೆಟಾ ಎಂದರೆ ಗ್ರೀಸ್‌ನದು ಎಂಬ ಅರ್ಥ ಡೆನ್ಮಾರ್ಕ್‌ನಲ್ಲೂ ಉಳಿದಿತ್ತು ಎಂದು ನ್ಯಾಯಾಲಯ ಅದರಿಂದ ಗ್ರಹಿಸಿತು. ಎರಡೂ ದೇಶಗಳ ಅರ್ಜಿ ವಜಾ ಆಯಿತು.

ಡೈರಿಗಳು ಹೊಸ ಹೆಸರು ಹುಡುಕಿಕೊಂಡವು. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಚಿಕ್ಕ ಡೈರಿ ತನ್ನ ಫೆಟಾಗೆ ಫೆಟ್ಲ್ ಎಂದು ಹೆಸರಿಟ್ಟಿತು. ಡೆನ್ಮಾರ್ಕ್‌ನ ಡಬ್ಬಿಗಳ ಮೇಲೆ 'ಸಲಾಡ್ ಚೀಸ್', 'ಬಿಳಿ ಚೀಸ್' ಎಂಬ ಹೆಸರುಗಳು ಬಂದವು. ಒಕ್ಕೂಟದ ಹೊರಗೆ ಕಳಿಸುವ ಸರಕಿಗೆ ಮಾತ್ರ ಕೆಲವರು ಫೆಟಾ ಎಂದೇ ಬರೆಯುತ್ತಿದ್ದರು. ಆ ದೇಶಗಳಲ್ಲಿ ಹೆಸರಿಗೆ ರಕ್ಷಣೆ ಇಲ್ಲದಿರುವಾಗ ನಾವೇಕೆ ನಿಲ್ಲಿಸಬೇಕು ಎಂಬುದು ಡೆನ್ಮಾರ್ಕ್ ಸರ್ಕಾರದ ವಾದ. 2022ರ ಜುಲೈ 14ರಂದು ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಯುರೋಪಿನ ನೆಲದಲ್ಲಿ ಮಾಡಿದ ಹಸುಹಾಲಿನ ಚೀಸು ಯಾವ ದೇಶಕ್ಕೆ ಹೋದರೂ ಫೆಟಾ ಎನಿಸಿಕೊಳ್ಳುವಂತಿಲ್ಲ.

ಇಷ್ಟು ಯುರೋಪಿನ ಒಳಗಿನ ಕಥೆ. ಅದರಾಚೆ ಇದೇ ಹೆಸರಿನ ಹಣೆಬರಹ ಬೇರೆ.

ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೆ 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದ ಊರಹೆಸರಿನ ಸರಕಿಗೆ ರಕ್ಷಣೆ ಕೊಟ್ಟಿತು, ಆದರೆ ಒಂದೇ ಸಮನಾಗಿ ಅಲ್ಲ. ದ್ರಾಕ್ಷಾರಸ ಮತ್ತು ಮದ್ಯಕ್ಕೆ ಬಿಗಿಯಾದ ರಕ್ಷಣೆ, ಉಳಿದ ಆಹಾರಕ್ಕೆ ಸಡಿಲವಾದದ್ದು. ಜೊತೆಗೆ 24ನೇ ವಿಧಿಯ ಆರನೇ ಭಾಗದಲ್ಲಿ ಒಂದು ವಿನಾಯಿತಿ: ಒಂದು ಹೆಸರು ನಿಮ್ಮ ದೇಶದಲ್ಲಿ ಆ ಸರಕಿನ ಸಾಮಾನ್ಯ ಹೆಸರಾಗಿಬಿಟ್ಟಿದ್ದರೆ ನೀವು ಅದನ್ನು ರಕ್ಷಿಸಬೇಕಾಗಿಲ್ಲ. 2003ರಲ್ಲಿ ಆ ಸಂಸ್ಥೆಯ ಕಾನ್‌ಕುನ್ ಸಮ್ಮೇಳನಕ್ಕೆ ಮುನ್ನ ಯುರೋಪ್ 41 ಹೆಸರುಗಳ ಪಟ್ಟಿ ಕೊಟ್ಟು, ಇವನ್ನು ಜಗತ್ತಿನಾದ್ಯಂತ ನಮಗೆ ಮರಳಿಸಿ ಎಂದು ಕೇಳಿತು. ಫೆಟಾ ಅದರಲ್ಲಿತ್ತು. ಸಮ್ಮೇಳನವೇ ಮುರಿದುಬಿತ್ತು. ದ್ರಾಕ್ಷಾರಸಕ್ಕಿರುವ ಬಿಗಿ ರಕ್ಷಣೆಯನ್ನು ಎಲ್ಲ ಆಹಾರಕ್ಕೂ ವಿಸ್ತರಿಸಿ ಎಂದು ಆ ಕಾಲದಲ್ಲಿ ಒತ್ತಾಯಿಸಿದ ದೇಶಗಳಲ್ಲಿ ಭಾರತವೂ ಇತ್ತು. ಅದೂ ಕೈಗೂಡಲಿಲ್ಲ.

ಎಲ್ಲರೂ ಕೂತ ಸಭೆಯಲ್ಲಿ ಆಗದ್ದನ್ನು ಯುರೋಪ್ ಒಂದೊಂದೇ ದೇಶದ ಜೊತೆ ಕೂತು ಸಾಧಿಸತೊಡಗಿತು. 2011ರ ಜುಲೈನಲ್ಲಿ ಜಾರಿಯಾದ ದಕ್ಷಿಣ ಕೊರಿಯಾ ಒಪ್ಪಂದದಲ್ಲಿ ಫೆಟಾ, ಆಸಿಯಾಗೊ, ಫೊಂಟೀನಾ, ಗೊರ್ಗೊನ್‌ಝೋಲಾ ಹೆಸರುಗಳು ಸೇರಿದವು. ಅಮೆರಿಕದ ಡೈರಿಗಳಿಗೆ ಎಚ್ಚರವಾದದ್ದು ಆಗ. 2012ರಲ್ಲಿ ಅವರು ಇತರರೊಂದಿಗೆ ಸೇರಿ ಸಾಮಾನ್ಯ ಆಹಾರ ಹೆಸರುಗಳ ಒಕ್ಕೂಟವೊಂದನ್ನು ಕಟ್ಟಿದರು. ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರಸ್ ಪಟ್ಟಣವನ್ನು 1845ರಲ್ಲಿ ಕಟ್ಟಿದವರು ಸ್ವಿಟ್ಜರ್ಲೆಂಡಿನಿಂದ ಬಂದ ಬಡ ವಲಸಿಗರು. ಇಂಥವರು ತಮ್ಮ ಹೊಲಬು, ಹದ, ಹೆಸರು ಎಲ್ಲವನ್ನೂ ಹೊತ್ತು ತಂದರು. ಅವರ ಮರಿಮಕ್ಕಳು ಮಾಡುವ ಚೀಸಿಗೆ ಅಜ್ಜ ಇಟ್ಟ ಹೆಸರು ಈಗ ಅಪರಾಧವಾಗುವುದು ಹೇಗೆ?

ಈ ವಾದ ಅಮೆರಿಕದ ನ್ಯಾಯಾಲಯದಲ್ಲಿ ಗೆದ್ದದ್ದು ಗ್ರೂಯೇರ್ ಚೀಸಿನ ಪ್ರಕರಣದಲ್ಲಿ. ಸ್ವಿಸ್ ಮತ್ತು ಫ್ರೆಂಚ್ ಸಂಘಗಳು ಆ ಹೆಸರಿಗೆ ಪ್ರಮಾಣೀಕರಣ ಮುದ್ರೆ ಕೇಳಿದ್ದವು. ಅಮೆರಿಕದ ಆಹಾರ ಇಲಾಖೆಯ ನಿಯಮದಲ್ಲಿ ಗ್ರೂಯೇರ್ ಹೇಗಿರಬೇಕು ಎಂಬುದಿದೆ, ಎಲ್ಲಿಂದ ಬರಬೇಕು ಎಂಬುದಿಲ್ಲ. ದಶಕಗಳಿಂದ ಅಲ್ಲಿಯ ಅಂಗಡಿಗಳಲ್ಲಿ ಬೇರೆಬೇರೆ ದೇಶದ ಗ್ರೂಯೇರ್ ಮಾರಾಟವಾಗಿದೆ. 2023ರ ಮಾರ್ಚ್ 3ರಂದು ಮೇಲ್ಮನವಿ ನ್ಯಾಯಾಲಯ ಅದು ಸಾಮಾನ್ಯ ಹೆಸರೇ ಎಂದಿತು. ಲಕ್ಸೆಂಬರ್ಗ್ ಕೇಳಿದ ಪ್ರಶ್ನೆಯನ್ನೇ ಅಲ್ಲೂ ಕೇಳಿದ್ದರು: ಇಲ್ಲಿಯ ಗ್ರಾಹಕ ಈ ಹೆಸರನ್ನು ಕೇಳಿ ಏನೆಂದುಕೊಳ್ಳುತ್ತಾನೆ? ಉತ್ತರ ಮಾತ್ರ ಬೇರೆ ಬಂತು. ಎರಡೂ ತೀರ್ಪುಗಳನ್ನು ನಾನು ಗೌರವಿಸುತ್ತೇನೆ. ಎರಡೂ ಕಡೆ ಸಾಕ್ಷ್ಯ ಬಯಲಿನಲ್ಲಿ ಇತ್ತು, ಸೋತವನಿಗೂ ಮಾತಾಡಲು ಜಾಗವಿತ್ತು.

ನನ್ನ ತಕರಾರು ಇರುವುದು ಮೂರನೇ ದಾರಿಯ ಬಗ್ಗೆ, ವ್ಯಾಪಾರ ಒಪ್ಪಂದದ ಮುಚ್ಚಿದ ಕೋಣೆಯ ಬಗ್ಗೆ. ಯುರೋಪ್ ಜೊತೆಗಿನ ಕೆನಡಾದ ಒಪ್ಪಂದ ನೋಡಿ. 2013ರ ಅಕ್ಟೋಬರ್ 18ಕ್ಕೆ ಮುಂಚೆ ಫೆಟಾ ಮಾಡುತ್ತಿದ್ದ ಕೆನಡಾದವನು ಆ ಹೆಸರನ್ನು ಹಾಗೇ ಬಳಸಬಹುದು. ಅದರ ಮರುದಿನ ಶುರುಮಾಡಿದವನು 'ಫೆಟಾ ಮಾದರಿ' ಎಂದು ಬರೆಯಬೇಕು. ಒಂದೇ ಊರಿನ ಎರಡು ಡೈರಿ, ಒಂದೇ ಬಗೆಯ ಚೀಸ್, ಹೆಸರು ಮಾತ್ರ ಎರಡು. ಇನ್ನೊಂದು ಕಡೆ ಅಮೆರಿಕ ಮೆಕ್ಸಿಕೊ ಜೊತೆಗಿನ ಹೊಸ ಒಪ್ಪಂದದೊಂದಿಗೆ 2018ರಲ್ಲಿ ಒಂದು ಪತ್ರ ಬರೆಸಿಕೊಂಡು 33 ಚೀಸ್ ಹೆಸರುಗಳಿಗೆ ಮುಕ್ತ ದಾರಿ ಪಡೆಯಿತು. ಇಲ್ಲೆಲ್ಲ ಗ್ರಾಹಕನನ್ನು ಯಾರೂ ಕೇಳಲಿಲ್ಲ. ವಾಹನದ ಸುಂಕಕ್ಕೋ ಮಾಂಸದ ಕೋಟಾಕ್ಕೋ ಬದಲಾಗಿ ಹೆಸರುಗಳನ್ನು ಕೊಟ್ಟು ತೆಗೆದುಕೊಳ್ಳುವ ಜಾಗ ಅದು.

ನಮ್ಮ ದೇಶ ಈ ವಿಷಯದಲ್ಲಿ ತಡವಾಗಿ ಕಣ್ಣು ತೆರೆಯಿತು. 1997ರ ಸೆಪ್ಟೆಂಬರ್ 2ರಂದು ಟೆಕ್ಸಸ್‌ನ ರೈಸ್‌ಟೆಕ್ ಕಂಪನಿಗೆ ಬಾಸ್ಮತಿ ತಳಿಗಳ ಮೇಲೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಾಗ ಭಾರತದಲ್ಲಿ ಊರಹೆಸರಿನ ಸರಕನ್ನು ಕಾಯುವ ಕಾನೂನೇ ಇರಲಿಲ್ಲ. ಸ್ವದೇಶದಲ್ಲೇ ರಕ್ಷಣೆ ಇಲ್ಲದ ಹೆಸರನ್ನು ಬೇರೆ ದೇಶ ಕಾಯಬೇಕಿಲ್ಲ ಎಂದು ಟ್ರಿಪ್ಸ್ 24ನೇ ವಿಧಿಯೇ ಹೇಳುತ್ತದೆ. 2000ದಲ್ಲಿ ಭಾರತ ಪೇಟೆಂಟನ್ನು ಪ್ರಶ್ನಿಸಿತು. 2001ರಲ್ಲಿ ಅದರ ಇಪ್ಪತ್ತು ಹಕ್ಕುಗಳಲ್ಲಿ ಐದು ಮಾತ್ರ ಉಳಿದು, ಶೀರ್ಷಿಕೆಯಿಂದ ಬಾಸ್ಮತಿ ಪದವೂ ಹೋಯಿತು. ಆದರೆ ಬಾಸ್ಮತಿ ಎಂಬ ಹೆಸರು ಭಾರತ ಉಪಖಂಡದ ಅಕ್ಕಿಗೆ ಮಾತ್ರ ಸಲ್ಲಬೇಕು ಎಂಬ ಬೇಡಿಕೆಯನ್ನು ಅದೇ ವರ್ಷ ಅಮೆರಿಕದ ವ್ಯಾಪಾರ ಆಯೋಗ ಒಪ್ಪಲಿಲ್ಲ. ನಮ್ಮ ಭೌಗೋಳಿಕ ಸೂಚಕಗಳ (ಜಿಐ) ಕಾಯ್ದೆ 1999ರಲ್ಲಿ ಸಂಸತ್ತಿನಲ್ಲಿ ಪಾಸಾಗಿ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಬಾಸ್ಮತಿಗೆ ಜಿಐ ಸಿಕ್ಕಿದ್ದು 2016ರಲ್ಲಿ. ಯುರೋಪಿನಲ್ಲಿ ಭಾರತ 2018ರಲ್ಲಿ ಸಲ್ಲಿಸಿದ ಅರ್ಜಿಯನ್ನು ಅಷ್ಟೇ ಹಳೆಯ ಬಾಸ್ಮತಿ ಬೆಳೆಗಾರರಿರುವ ಪಾಕಿಸ್ತಾನ ವಿರೋಧಿಸಿತು.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಬಂದಿದೆ, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ. ಆದರೆ ಚೆನ್ನೈನ ಕಚೇರಿಯಲ್ಲಿ ಆದ ನೋಂದಣಿ ದೇಶದ ಗಡಿ ದಾಟುವುದಿಲ್ಲ. ಯುರೋಪಿನಲ್ಲಿ ಡಾರ್ಜಿಲಿಂಗ್ ಚಹಾಗೆ 2011ರಲ್ಲಿ, ಕಾಂಗ್ರಾ ಚಹಾಗೆ 2023ರಲ್ಲಿ ಅಲ್ಲಿಯದೇ ನೋಂದಣಿ ಪಡೆಯಬೇಕಾಯಿತು. ಬ್ಯಾಡಗಿಯ ಮಾರುಕಟ್ಟೆಗೆ ಆಂಧ್ರದಿಂದಲೂ ಬೇರೆ ತಳಿಯ ಕಾಯಿ ಬರುತ್ತದೆ. ಅದೆಲ್ಲವೂ ಬ್ಯಾಡಗಿ ಎಂಬ ಹೆಸರಿನಲ್ಲೇ ಹೊರಗೆ ಹೋಗುತ್ತಾ ಇಪ್ಪತ್ತು ವರ್ಷ ಕಳೆದರೆ, ನಾಳೆ ಯಾವುದೋ ನ್ಯಾಯಾಲಯದಲ್ಲಿ ಅದೇ ನಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ. ಭಾರತ ಮತ್ತು ಯುರೋಪ್ 2022ರ ಜೂನ್‌ನಲ್ಲಿ ಜಿಐ ಹೆಸರುಗಳಿಗಾಗಿಯೇ ಪ್ರತ್ಯೇಕ ಒಪ್ಪಂದದ ಮಾತುಕತೆ ಆರಂಭಿಸಿದವು. ಅಂಥ ಪಟ್ಟಿಗಳಲ್ಲಿ ನಮ್ಮ ಯಾವ ಬೆಳೆಯ ಹೆಸರು ಸೇರುತ್ತದೆ, ಅದಕ್ಕೆ ಪ್ರತಿಯಾಗಿ ನಮ್ಮ ಡೈರಿಗಳು, ಬೇಕರಿಗಳು ಯಾವ ಹೆಸರು ಬಿಡಬೇಕಾಗುತ್ತದೆ ಎಂದು ಬೆಳೆಗಾರರ ಸಂಘಗಳೂ ಹಾಲು ಒಕ್ಕೂಟಗಳೂ ಸರ್ಕಾರವನ್ನು ಲಿಖಿತವಾಗಿ ಕೇಳಬೇಕು. ಅದೂ ಸಹಿ ಬೀಳುವುದಕ್ಕೆ ಮುಂಚೆ.